ಡಬ್ಬಿಯೊಳಗಿನ ಕೊಲಾಜೆನ್ ಮತ್ತು ಕರುಳಿನ ಕ್ಷೇಮ

ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ಅರಿಯದ ಬೆಂಗಳೂರಿಗರು ವಿರಳ. ರಸ್ತೆಯ ಎರಡೂ ಬದಿಗಳಲ್ಲಿ ರಾಶಿ ಸುರಿದ ಹಸಿ ಕಡಲೆಕಾಯಿ, ಹುರಿದ ಕಡಲೆಕಾಯಿ, ಮಣ್ಣಿನ ವಾಸನೆ, ಮಕ್ಕಳ ಪೀಪಿಯ ಸದ್ದು, ಇವುಗಳ ನಡುವೆ ಹಿಂದೊಮ್ಮೆ ನಮಗೆ ಪರಿಚಿತರಾದ ಶರಣೆಯೊಬ್ಬರು ಎದುರಾದರು. ಚಾಮರಾಜಪೇಟೆಯ ನಿವಾಸಿ; ಶಾಲಾ ಶಿಕ್ಷಕಿಯಾಗಿದ್ದು ನಿವೃತ್ತರಾದವರು; ನಿತ್ಯವೂ ಇಷ್ಟಲಿಂಗಪೂಜೆಯನ್ನು ಮುಗಿಸದೆ ಬಾಯಿಗೆ ನೀರನ್ನೂ ಹಾಕದವರು. ಕುಶಲಪ್ರಶ್ನೆಯಾದ ಮೇಲೆ ಅವರು ಕೈಚೀಲದಿಂದ ಮಡಿಸಿದ ರಟ್ಟಿನ ಪೆಟ್ಟಿಗೆಯೊಂದನ್ನು ಹೊರತೆಗೆದರು.

"ಸ್ವಲ್ಪ ನೋಡಿ ಹೇಳಿ. ಈ ಮೂಲೆಯಲ್ಲಿ ಕಂದು ಬಣ್ಣದ ತ್ರಿಕೋನವಿದೆಯಲ್ಲ, ಅದರ ಅರ್ಥವೇನು? ಐದು ತಿಂಗಳಿಂದ ಪೂಜೆ ಮುಗಿಸಿ ಎದ್ದವಳು ಇದನ್ನೇ ಹಾಲಿಗೆ ಬೆರೆಸಿ ಕುಡಿಯುತ್ತಿದ್ದೇನೆ" ಎಂದರು. ಅವರ ದನಿ ಕುಗ್ಗಿತ್ತು.

ಅದು ಕೊಲಾಜೆನ್ ಪುಡಿಯ ಪೆಟ್ಟಿಗೆ. ಅತ್ತೆಯವರ ಮೊಣಕಾಲು ನೋವನ್ನೂ ಹೊಟ್ಟೆಯುಬ್ಬರವನ್ನೂ ಕಂಡು ಮರುಗಿದ ಸೊಸೆ, ಎರಡಕ್ಕೂ ಒಳ್ಳೆಯದೆಂಬ ಜಾಹೀರಾತನ್ನು ನಂಬಿ, ತಿಂಗಳಿಗೆ ಸಾವಿರ ರೂಪಾಯಿಗೂ ಮಿಗಿಲಾದ ಹಣ ತೆತ್ತು ತರಿಸುತ್ತಿದ್ದರು. ತೇವ ತಾಗದಿರಲೆಂದು ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದಿಡುತ್ತಿದ್ದ ಕಾರಣ ಪೆಟ್ಟಿಗೆಯ ಮೇಲಿನ ಬರಹವನ್ನು ಯಾರೂ ಓದಿರಲಿಲ್ಲ. ದೀಪಾವಳಿಯ ಸ್ವಚ್ಛತೆಯ ವೇಳೆ ಅಟ್ಟದ ಮೇಲೆ ಹಳೆಯ ಪೆಟ್ಟಿಗೆ ಸಿಕ್ಕಿತು. ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ 'ಬೋವೈನ್ ಕೊಲಾಜೆನ್ ಪೆಪ್ಟೈಡ್ಸ್' ಎಂದು ಅಚ್ಚಾಗಿತ್ತು. ಬೋವೈನ್ ಎಂದರೆ ದನದಿಂದ ಪಡೆದದ್ದು. ಇದನ್ನು ಬಸವಣ್ಣನ ಗುಡಿಯ ಮೆಟ್ಟಿಲ ಬಳಿ ನಿಂತು ಅವರಿಗೆ ತಿಳಿಸುವುದು ನಮಗೆ ಸುಲಭವಾಗಲಿಲ್ಲ.

ಇಂತಹ ಪ್ರಶ್ನೆಗಳು ಈಗ ಅಪರೂಪವಲ್ಲ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ, ಗಾಂಧಿ ಬಜಾರಿನಲ್ಲಾಗಲಿ, ಔಷಧದ ಅಂಗಡಿಯ ಗಾಜಿನ ಕಪಾಟುಗಳಲ್ಲಿ ಚರ್ಮದ ಕಾಂತಿಗೆ, ಕೀಲಿನ ಸೌಖ್ಯಕ್ಕೆ, ಕರುಳಿನ ಆರೋಗ್ಯಕ್ಕೆ ಎಂಬ ಹೆಸರಿನ ಡಬ್ಬಿಗಳು ಸಾಲಾಗಿ ಕುಳಿತಿವೆ. ಆದಕಾರಣ ಈ ಸಂಚಿಕೆಯಲ್ಲಿ ಮೂರು ವಿಷಯಗಳನ್ನು ಸದ್ಭಕ್ತರ ಮುಂದಿಡಲು ಬಯಸುತ್ತೇವೆ: ಕೊಲಾಜೆನ್ ಎಂದರೇನು, ಅದನ್ನು ಸೇವಿಸಿದರೆ ಕರುಳಿಗೆ ನಿಜವಾಗಿ ಏನಾಗುತ್ತದೆ, ಮತ್ತು ಶಾಕಾಹಾರದ ನಮ್ಮ ಮನೆಗಳಲ್ಲಿ ಅದಕ್ಕೆ ಏನು ದಾರಿ.

ದೇಹವನ್ನು ಹಿಡಿದಿಟ್ಟಿರುವ ಹಗ್ಗ

ನಮ್ಮ ಶರೀರದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚಿನದು ಕೊಲಾಜೆನ್. ಚರ್ಮ, ಮೂಳೆ, ಕೀಲುಗಳ ಮೃದ್ವಸ್ಥಿ, ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜು, ರಕ್ತನಾಳಗಳ ಗೋಡೆ, ಕರುಳಿನ ಒಳಪೊರೆಗೆ ಆಧಾರವಾಗಿ ನಿಂತ ಪದರ, ಇವೆಲ್ಲಕ್ಕೂ ಬಲವನ್ನು ಕೊಡುವುದು ಅದೇ. ಮೂರು ಎಳೆಗಳನ್ನು ಒಂದರ ಸುತ್ತ ಒಂದು ಹೊಸೆದ ಹಗ್ಗದಂತೆ ಅದರ ರಚನೆ.

ಈ ಮೂರೆಳೆಯ ರಚನೆಯನ್ನು ಲೋಕಕ್ಕೆ ತೋರಿದವರು ನಮ್ಮವರೇ ಎಂಬುದು ಹೆಮ್ಮೆಯ ಸಂಗತಿ. ಮಲ್ಲೇಶ್ವರದ ಅಂಚಿನಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ 1942ರಲ್ಲಿ ವಿದ್ಯಾರ್ಥಿಯಾಗಿ ಬಂದ ಜಿ.ಎನ್. ರಾಮಚಂದ್ರನ್ ಅವರು ಅಲ್ಲಿ ಸರ್ ಸಿ.ವಿ. ರಾಮನ್ ಅವರ ಶಿಷ್ಯರಾದರು. ಮುಂದೆ ಮದರಾಸು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1954ರಲ್ಲಿ, ಗೋಪಿನಾಥ್ ಕರ್ತಾ ಅವರೊಡನೆ ಸೇರಿ ಕೊಲಾಜೆನ್ ಮೂರು ಎಳೆಗಳಿಂದಾದದ್ದೆಂಬ ವಾದವನ್ನು 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು; ಮರುವರ್ಷ ಅದನ್ನು ಇನ್ನಷ್ಟು ತಿದ್ದಿ, ಹುರಿಗೊಳಿಸಿದ ಹಗ್ಗದ ರೂಪವನ್ನು ಕೊಟ್ಟರು. ಆ ಅಧ್ಯಯನಕ್ಕೆ ಬಳಕೆಯಾದದ್ದು ಕಾಂಗರೂ ಪ್ರಾಣಿಯ ಬಾಲದ ರಜ್ಜು. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಕಾಂಗರೂವಿನ ಬಾಲವೇ ಏಕೆ ಬೇಕಾಯಿತು? ಯಾವುದಾದರೂ ಸೊಪ್ಪಿನ ನಾರು ಸಾಲದಾಗಿತ್ತೇ? ಸಾಲದು. ಏಕೆಂದರೆ ಕೊಲಾಜೆನ್ ಪ್ರಾಣಿಗಳ ಶರೀರದಲ್ಲಿ ಮಾತ್ರ ಇರುವ ವಸ್ತು. ಸಸ್ಯಗಳು ತಮ್ಮ ದೇಹವನ್ನು ಕಟ್ಟಿಕೊಳ್ಳುವುದು ಸೆಲ್ಯುಲೋಸ್ ಎಂಬ ಬೇರೊಂದು ವಸ್ತುವಿನಿಂದ. ಯಾವ ಕಾಳಿನಲ್ಲಿಯೂ ಹಣ್ಣಿನಲ್ಲಿಯೂ ಹಾಲಿನಲ್ಲಿಯೂ ನಾವು ಉಣ್ಣುವ ಕೊಲಾಜೆನ್ ದೊರೆಯುವುದಿಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಪೇಟೆಯ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಪೆಟ್ಟಿಗೆಯನ್ನು ಓದುವ ಬಗೆ

ಪೇಟೆಯಲ್ಲಿ ಸಿಗುವ ಕೊಲಾಜೆನ್ ಪುಡಿಯ ಮೂಲ ಸಾಮಾನ್ಯವಾಗಿ ದನದ ಚರ್ಮ, ಹಂದಿಯ ಚರ್ಮ, ಕೋಳಿಯ ಮೃದ್ವಸ್ಥಿ ಇಲ್ಲವೇ ಮೀನಿನ ಚರ್ಮ ಹಾಗೂ ಪೊರೆ. 'ಬೋವೈನ್' ಎಂದಿದ್ದರೆ ದನದ್ದು. 'ಮರೀನ್' ಎಂದಿದ್ದರೆ ಮೀನಿನದು. ಮರೀನ್ ಎಂಬ ಪದವನ್ನು ನೋಡಿ ಸಮುದ್ರದ ಪಾಚಿಯೆಂದು ಭಾವಿಸಿದವರನ್ನು ನಾವು ಕಂಡಿದ್ದೇವೆ. ಚರ್ಮ, ಮೂಳೆಗಳನ್ನು ಕುದಿಸಿ ಕೊಲಾಜೆನ್ನಿನ ಹುರಿಯನ್ನು ಬಿಚ್ಚಿದರೆ ದೊರೆಯುವುದು ಜೆಲಟಿನ್. ಅದನ್ನು ಕಿಣ್ವಗಳಿಂದ ಇನ್ನೂ ಸಣ್ಣ ತುಣುಕುಗಳಾಗಿ ಕತ್ತರಿಸಿದರೆ ನೀರಿನಲ್ಲಿ ಸುಲಭವಾಗಿ ಕರಗುವ, ರುಚಿ ವಾಸನೆಗಳಿಲ್ಲದ ಪುಡಿ ಸಿದ್ಧವಾಗುತ್ತದೆ. 'ಹೈಡ್ರೊಲೈಸ್ಡ್ ಕೊಲಾಜೆನ್', 'ಕೊಲಾಜೆನ್ ಪೆಪ್ಟೈಡ್ಸ್' ಎಂಬ ಹೆಸರುಗಳು ಇದಕ್ಕೇ ಸಲ್ಲುತ್ತವೆ. ಹಾಲಿಗೆ ಬೆರೆಸಿದರೆ ಗುರುತೇ ಸಿಗದು.

ನಮ್ಮ ದೇಶದಲ್ಲಿ ಪೊಟ್ಟಣದ ಆಹಾರದ ಮೇಲೆ ಶಾಕಾಹಾರ, ಮಾಂಸಾಹಾರಗಳ ಗುರುತು ಕಡ್ಡಾಯ. ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಶಾಕಾಹಾರ. ಮಾಂಸಾಹಾರಕ್ಕೆ ಹಿಂದೆ ಕಂದು ವೃತ್ತವಿತ್ತು. ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದವರಿಗೂ ತಿಳಿಯಲೆಂದು ಇತ್ತೀಚಿನ ವರ್ಷಗಳಲ್ಲಿ ಅದನ್ನು ಕಂದು ತ್ರಿಕೋನವಾಗಿ ಬದಲಿಸಲಾಗಿದೆ. ಆನ್‌ಲೈನ್ ಮೂಲಕ ತರಿಸುವವರು ಈ ಗುರುತು ಕಾಣುವ ಚಿತ್ರವನ್ನು ಹುಡುಕಿ ನೋಡಬೇಕು. ಡಬ್ಬಿಗೆ ಸುರಿಯುವ ಮುನ್ನ ಪೆಟ್ಟಿಗೆಯನ್ನು ಓದಬೇಕು. ಓದಿದ ಮೇಲೂ ಅದನ್ನು ಎಸೆಯದೆ ಡಬ್ಬಿಯೊಂದಿಗೇ ಇಡಬೇಕು.

ಹಾಗಾದರೆ ಹಸಿರು ಗುರುತಿನ 'ವೀಗನ್ ಕೊಲಾಜೆನ್' ಎಂಬುದೇನು? ಅವುಗಳ ಹಿಂಬದಿಯನ್ನು ಓದಿದರೆ ಸಾಮಾನ್ಯವಾಗಿ ವಿಟಮಿನ್ ಸಿ, ಸತು, ಕೆಲವು ಅಮೈನೋ ಆಮ್ಲಗಳು, ನೆಲ್ಲಿಕಾಯಿ ಮೊದಲಾದ ಸಸ್ಯಗಳ ಸಾರ ಕಾಣುತ್ತವೆ. 'ಕೊಲಾಜೆನ್ ಬಿಲ್ಡರ್' ಎಂದು ಅದೇ ಪೆಟ್ಟಿಗೆಯ ಮೇಲೆ ಬರೆದಿರುವುದೂ ಉಂಟು. ಅದರಲ್ಲಿ ಕೊಲಾಜೆನ್ ಇರುವುದಿಲ್ಲ. ಕೊಲಾಜೆನ್ ಕಟ್ಟಲು ದೇಹಕ್ಕೆ ಬೇಕಾದ ಕೆಲವು ಸಾಮಗ್ರಿಗಳಿರುತ್ತವೆ. ಆ ಸಾಮಗ್ರಿಗಳು ತರಕಾರಿಯ ಗಾಡಿಯಲ್ಲಿಯೂ ದೊರೆಯುತ್ತವೆ ಎಂಬುದನ್ನು ಮುಂದೆ ನೋಡೋಣ.

ಜೆಲಟಿನ್ ಕುರಿತು ಒಂದು ಎಚ್ಚರಿಕೆ. ಔಷಧದ ಕ್ಯಾಪ್ಸೂಲುಗಳ ಮೃದುವಾದ ಹೊದಿಕೆ ಹೆಚ್ಚಾಗಿ ಜೆಲಟಿನ್ನಿನದೇ. ಔಷಧಗಳ ಮೇಲೆ ಆಹಾರದ ಮೇಲಿರುವಂತಹ ಹಸಿರು, ಕಂದು ಗುರುತನ್ನು ನಿರೀಕ್ಷಿಸಲಾಗದು. ಇದನ್ನು ಓದಿದ ಕೂಡಲೇ ಯಾರೂ ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸಬಾರದು. ಅದೇ ಔಷಧ ಮಾತ್ರೆಯ ರೂಪದಲ್ಲಿ, ದ್ರವರೂಪದಲ್ಲಿ ಅಥವಾ ಸಸ್ಯಮೂಲದ ಹೊದಿಕೆಯಲ್ಲಿ ಸಿಗುವುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದು. ಬೇರೆ ದಾರಿ ಇಲ್ಲದಿದ್ದಾಗ ಪ್ರಾಣರಕ್ಷಣೆಯೇ ಮೊದಲು. ಇನ್ನು ಮನೆಯಲ್ಲಿ ಮಕ್ಕಳಿಗೆ ಜೆಲ್ಲಿ ಮಾಡಬೇಕೆನ್ನುವವರಿಗೆ ಸಮುದ್ರಪಾಚಿಯಿಂದಾದ ಚೈನಾ ಗ್ರಾಸ್ ಇದ್ದೇ ಇದೆ.

ಹೊಟ್ಟೆಗೆ ಹೋದ ಕೊಲಾಜೆನ್ ಏನಾಗುತ್ತದೆ?

ಕೊಲಾಜೆನ್ ತಿಂದರೆ ಅದು ನೇರವಾಗಿ ಕರುಳಿನ ಗೋಡೆಗೆ ಹೋಗಿ ಅಂಟಿಕೊಂಡು ತೂತುಗಳನ್ನು ಮುಚ್ಚುತ್ತದೆ ಎಂಬ ಚಿತ್ರವನ್ನು ಜಾಹೀರಾತುಗಳು ನಮ್ಮ ಮನಸ್ಸಿನಲ್ಲಿ ಮೂಡಿಸುತ್ತವೆ. ಶರೀರದ ಕ್ರಮ ಹಾಗಿಲ್ಲ. ಜಠರದ ಆಮ್ಲ, ಪೆಪ್ಸಿನ್, ಮೇದೋಜೀರಕದ ರಸಗಳು ಯಾವುದೇ ಪ್ರೋಟೀನನ್ನು ಕತ್ತರಿಸುವಂತೆ ಇದನ್ನೂ ಕತ್ತರಿಸುತ್ತವೆ. ತೊಗರಿಬೇಳೆಯ ಪ್ರೋಟೀನಿಗೂ ಇದಕ್ಕೂ ಅಲ್ಲಿ ಪಂಕ್ತಿಭೇದವಿಲ್ಲ. ಕೊನೆಗೆ ರಕ್ತಕ್ಕೆ ಸೇರುವುದು ಬಿಡಿ ಅಮೈನೋ ಆಮ್ಲಗಳು ಮತ್ತು ಎರಡು ಮೂರು ಅಮೈನೋ ಆಮ್ಲಗಳ ಸಣ್ಣ ತುಣುಕುಗಳು. ಅವುಗಳನ್ನು ಎಲ್ಲಿ ಬಳಸಬೇಕೆಂಬುದನ್ನು ದೇಹವೇ ತನ್ನ ಅಗತ್ಯದಂತೆ ನಿರ್ಧರಿಸುತ್ತದೆ.

ಕೊಲಾಜೆನ್ನಿನ ಸಣ್ಣ ತುಣುಕುಗಳು ರಕ್ತದಲ್ಲಿ ಕೆಲಕಾಲ ಕಾಣಿಸಿಕೊಳ್ಳುವುದು ನಿಜ. ಅವು ಚರ್ಮದ, ಕೀಲಿನ ಜೀವಕೋಶಗಳನ್ನು ಪ್ರಚೋದಿಸಬಹುದೆಂಬ ಊಹೆಯ ಮೇಲೆ ಅನೇಕ ಪ್ರಯೋಗಗಳು ನಡೆದಿವೆ. ಚರ್ಮದ ವಿಷಯದಲ್ಲಿ 23 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಶ್ಲೇಷಣೆಯೊಂದು 2025ರಲ್ಲಿ ಪ್ರಕಟವಾಯಿತು. ಎಲ್ಲವನ್ನೂ ಕೂಡಿಸಿ ನೋಡಿದಾಗ ಸ್ವಲ್ಪ ಲಾಭ ಕಂಡಿತು. ಆದರೆ ಕಂಪನಿಗಳ ಹಣವಿಲ್ಲದೆ ನಡೆದ ಪ್ರಯೋಗಗಳನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಲಾಭ ಕಾಣಲಿಲ್ಲ. ಮೊಣಕಾಲು ನೋವಿನಲ್ಲಿ ಕೆಲವು ಪ್ರಯೋಗಗಳು ಅಲ್ಪ ಉಪಶಮನವನ್ನು ತೋರಿವೆ. ಅವುಗಳಲ್ಲಿಯೂ ಅನೇಕವು ಚಿಕ್ಕವು.

ಕರುಳಿನ ವಿಷಯದಲ್ಲಿ ಆಧಾರ ಇನ್ನೂ ತೆಳುವಾಗಿದೆ. ಅಲ್ಲಿ ಉಲ್ಲೇಖಿಸುವ ಫಲಿತಾಂಶಗಳು ಬಹುಮಟ್ಟಿಗೆ ಪ್ರಯೋಗಾಲಯದ ಜೀವಕೋಶಗಳಲ್ಲಿ, ಇಲಿಗಳಲ್ಲಿ ಕಂಡವು. 'ಸೋರುವ ಕರುಳು' ಎಂಬ ಮಾತನ್ನು ಮುಂದೆ ಮಾಡಿ ಮಾರಾಟ ನಡೆಯುತ್ತದೆ. ಕರುಳಿನ ಒಳಪೊರೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡು ಬೇಕಾದುದನ್ನು ಒಳಬಿಡುತ್ತವೆ, ಬೇಡದ್ದನ್ನು ತಡೆಯುತ್ತವೆ. ಸೀಲಿಯಾಕ್, ಕ್ರೋನ್ಸ್ ಮೊದಲಾದ ಕಾಯಿಲೆಗಳಲ್ಲಿ ಈ ಬಿಗಿ ಸಡಿಲುವುದು ವೈದ್ಯರಿಗೆ ತಿಳಿದ ಸಂಗತಿಯೇ. ಆದರೆ ಆಯಾಸ, ತಲೆನೋವು, ಉಬ್ಬರ, ಮರೆವು, ಎಲ್ಲಕ್ಕೂ ಸೋರುವ ಕರುಳೇ ಕಾರಣವೆಂದೂ ಒಂದು ಪುಡಿ ಅದನ್ನು ಮುಚ್ಚುವುದೆಂದೂ ಹೇಳಲು ಆಧಾರವಿಲ್ಲ. ಆರೋಗ್ಯವಂತ ಕರುಳಿನ ಒಳಪೊರೆ ಮೂರರಿಂದ ಐದು ದಿನಗಳಿಗೊಮ್ಮೆ ತನ್ನನ್ನು ತಾನೇ ಹೊಸತಾಗಿಸಿಕೊಳ್ಳುತ್ತದೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೊಫಾನ್ ಕೊಲಾಜೆನ್ನಿನಲ್ಲಿ ಇಲ್ಲ. ಆದ್ದರಿಂದ ಪ್ರೋಟೀನಿನ ಮೂಲವಾಗಿ ಅದು ಅಪೂರ್ಣ. ಹಾಲು, ಬೇಳೆಗಳ ಜಾಗವನ್ನು ಅದಕ್ಕೆ ಬಿಟ್ಟುಕೊಡುವುದು ನಷ್ಟದ ವ್ಯವಹಾರ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಯಾವ ಪ್ರೋಟೀನ್ ಪುಡಿಯೂ ವೈದ್ಯರ ಅನುಮತಿಯಿಲ್ಲದೆ ಸಲ್ಲದು. ಕೊಲಾಜೆನ್ನಿನಲ್ಲಿರುವ ಹೈಡ್ರಾಕ್ಸಿಪ್ರೋಲಿನ್ ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಡುವುದರಿಂದ, ಕಿಡ್ನಿಯಲ್ಲಿ ಕಲ್ಲಾದವರು ಇದರಿಂದ ದೂರವಿರುವುದೇ ಲೇಸು. ಇಂತಹ ಪೂರಕಗಳ ಪೆಟ್ಟಿಗೆಯ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಎಂಬರ್ಥದ ವಾಕ್ಯ ಇರಬೇಕೆಂದು ನಿಯಮವೇ ಇದೆ. ಮುಂಬದಿಯ ದೊಡ್ಡ ಅಕ್ಷರಗಳ ಭರವಸೆಯೊಡನೆ ಹಿಂಬದಿಯ ಈ ವಾಕ್ಯವನ್ನೂ ಓದುವುದು ಒಳಿತು.

ಕೋಸಂಬರಿಯೊಳಗಿನ ವಿಜ್ಞಾನ

ಕೊಲಾಜೆನ್ ತಿನ್ನದವರ ದೇಹದಲ್ಲಿ ಕೊಲಾಜೆನ್ ಇರುವುದಿಲ್ಲವೇ? ಹುಲ್ಲು ತಿನ್ನುವ ಹಸುವಿನ ಚರ್ಮವೇ ಅದರ ಆಕರವಾಗಿದೆ ಎಂಬುದನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಪ್ರತಿ ಶರೀರವೂ ತನ್ನ ಕೊಲಾಜೆನ್ನನ್ನು ತಾನೇ ನೇಯುತ್ತದೆ. ಅದಕ್ಕೆ ಬೇಕಾದ ಗ್ಲೈಸಿನ್, ಪ್ರೋಲಿನ್ ಎಂಬ ಅಮೈನೋ ಆಮ್ಲಗಳು ಬೇಳೆ, ಕಾಳು, ಕಡಲೆಕಾಯಿ, ಎಳ್ಳು, ಹಾಲುಗಳಲ್ಲಿ ಉಂಟು. ದೇಹವು ಅವನ್ನು ತಾನಾಗಿಯೂ ತಯಾರಿಸಿಕೊಳ್ಳುತ್ತದೆ.

ಆದರೆ ನೇಯ್ಗೆ ಗಟ್ಟಿಯಾಗಲು ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದೆ ಮೂರೆಳೆಯ ಹುರಿ ನಿಲ್ಲುವುದಿಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುತ್ತಿದ್ದ ನಾವಿಕರ ವಸಡುಗಳು ಒಸರಿ, ಹಳೆಯ ಗಾಯಗಳು ಬಾಯ್ದೆರೆದು, ಅವರು ಸಾಯುತ್ತಿದ್ದುದು ಇದೇ ಕೊರತೆಯಿಂದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆ ನಾವಿಕರ ಆಹಾರದಲ್ಲಿ ಉಪ್ಪು ಹಾಕಿದ ಮಾಂಸಕ್ಕೆ ಕೊರತೆಯಿರಲಿಲ್ಲ ಎಂಬುದನ್ನು ಗಮನಿಸಬೇಕು.

ಶ್ರೀರಾಮನವಮಿಯಂದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಬೀದಿಗಳಲ್ಲಿ ಹಂಚುವ ಕೋಸಂಬರಿಯನ್ನು ಈ ದೃಷ್ಟಿಯಿಂದ ನೋಡಿ. ನೆನೆದ ಹೆಸರುಬೇಳೆಯಲ್ಲಿ ಪ್ರೋಟೀನು, ಹಿಂಡಿದ ನಿಂಬೆಹಣ್ಣಿನಲ್ಲಿ ವಿಟಮಿನ್ ಸಿ, ಸೌತೆಕಾಯಿ ಮತ್ತು ತೆಂಗಿನತುರಿಯಲ್ಲಿ ನಾರು. ಬೇಯಿಸದೆ ತಿನ್ನುವುದರಿಂದ ವಿಟಮಿನ್ ನಾಶವಾಗದು. ಸಾವಿರ ರೂಪಾಯಿಯ 'ಬಿಲ್ಡರ್' ಮಾಡುವುದಾಗಿ ಹೇಳುವ ಕೆಲಸಕ್ಕೆ ಬೇಕಾದ ಸಾಮಗ್ರಿ ಒಂದು ದೊನ್ನೆಯಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದಂತೆ ವಯಸ್ಕ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ, ಮಹಿಳೆಯರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಒಂದು ಬೆಟ್ಟದ ನೆಲ್ಲಿಕಾಯಿ ಅಥವಾ ಅರ್ಧ ಸೀಬೆಹಣ್ಣು ಅದನ್ನು ಹೆಚ್ಚುಕಡಿಮೆ ಪೂರೈಸುತ್ತದೆ. ಸಾರು, ಚಿತ್ರಾನ್ನಗಳಿಗೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು.

ಇರುವ ಕೊಲಾಜೆನ್ನನ್ನು ಉಳಿಸಿಕೊಳ್ಳುವುದೂ ಮುಖ್ಯ. ಧೂಮಪಾನ, ಸುಡುಬಿಸಿಲು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಇವು ಅದನ್ನು ಹಾಳುಮಾಡುತ್ತವೆ. ಬೀಡಿ, ಸಿಗರೇಟು ಬಿಡದೆ ಪುಡಿ ಕುಡಿಯುವುದು ಸೋರುವ ಕೊಡಕ್ಕೆ ನೀರು ಸುರಿದಂತೆ.

ಪ್ರೋಟೀನಿನ ಲೆಕ್ಕ

ನಮ್ಮ ಹಿರಿಯರ ನಿಜವಾದ ಕೊರತೆ ಕೊಲಾಜೆನ್ನಿನದಲ್ಲ. ಅನೇಕ ಮನೆಗಳಲ್ಲಿ ಒಟ್ಟು ಪ್ರೋಟೀನಿನದೇ. ಒಂಟಿಯಾಗಿರುವ ವೃದ್ಧರು ಬೆಳಗ್ಗೆ ಕಾಫಿಯೊಡನೆ ಎರಡು ಬಿಸ್ಕತ್ತು, ಮಧ್ಯಾಹ್ನ ತಿಳಿಸಾರಿನ ಅನ್ನ, ರಾತ್ರಿ ಬ್ರೆಡ್ಡು, ಹೀಗೆ ದಿನ ಕಳೆಯುವುದನ್ನು ಈ ಬಡಾವಣೆಗಳಲ್ಲಿ ನಾವು ಕಾಣುತ್ತಿದ್ದೇವೆ. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಕಿಲೋಗ್ರಾಂ ಒಂದಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋಗ್ರಾಂ ತೂಕದವರಿಗೆ ಸುಮಾರು 50 ಗ್ರಾಂ.

ಇದನ್ನು ನಮ್ಮ ಅಡುಗೆಮನೆಯಲ್ಲಿಯೇ ಕೂಡಿಸೋಣ. 100 ಗ್ರಾಂ ರಾಗಿಹಿಟ್ಟಿನಿಂದ ಸುಮಾರು 7 ಗ್ರಾಂ. 150 ಗ್ರಾಂ ಅಕ್ಕಿಯಿಂದ 11 ಗ್ರಾಂ. 40 ಗ್ರಾಂ ತೊಗರಿಬೇಳೆಯಿಂದ 9 ಗ್ರಾಂ. ಮೊಳಕೆ ಕಟ್ಟಿದ 30 ಗ್ರಾಂ ಹೆಸರುಕಾಳಿನಿಂದ 7 ಗ್ರಾಂ. ಒಂದು ಲೋಟ ಹಾಲಿನಿಂದ 7 ರಿಂದ 8 ಗ್ರಾಂ. ದೊಡ್ಡ ಬಟ್ಟಲು ಮೊಸರಿನಿಂದ 6 ಗ್ರಾಂ. ಒಂದು ಹಿಡಿ ಕಡಲೆಕಾಯಿಯಿಂದ 7 ಗ್ರಾಂ. ಒಟ್ಟು 50 ದಾಟಿತು. ಧಾನ್ಯ ಮತ್ತು ಬೇಳೆಗಳನ್ನು ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಠದ ದಾಸೋಹದಲ್ಲಿ ಅನ್ನ, ಸಾರು, ಪಲ್ಯ, ಮಜ್ಜಿಗೆ ಒಂದೇ ಎಲೆಯ ಮೇಲೆ ಬೀಳುವುದರಲ್ಲಿ ಈ ಹೊಂದಾಣಿಕೆ ತಾನಾಗಿಯೇ ಆಗುತ್ತದೆ. ಮನೆಯಲ್ಲಿ ಬೇಳೆಯ ಪಾಲನ್ನು ತುಸು ಹೆಚ್ಚಿಸಬೇಕಷ್ಟೆ.

ಒಂದನ್ನು ಮಾತ್ರ ಸಸ್ಯಾಹಾರ ಕೊಡಲಾರದು: ವಿಟಮಿನ್ ಬಿ12. ಅದು ನಮಗೆ ಹಾಲು, ಮೊಸರುಗಳಿಂದ ಬರಬೇಕು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ನುಂಗುವವರಲ್ಲಿ, ದೀರ್ಘಕಾಲ ಆಮ್ಲನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಕೊರತೆ ಹೆಚ್ಚು. ಕಾಲು ಜೋಮು ಹಿಡಿಯುವುದು, ನಾಲಗೆ ಉರಿ, ಸುಸ್ತು ಇದ್ದರೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಕರುಳಿಗೆ ಬೇಕಾದ ಅನ್ನ

ದೊಡ್ಡ ಕರುಳಿನಲ್ಲಿ ನೆಲೆಸಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳಿಗೆ ನಾವು ಜೀರ್ಣಿಸಲಾಗದ ನಾರೇ ಆಹಾರ. ಅವು ನಾರನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಸಣ್ಣ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಇಂಧನ ಆ ಬ್ಯುಟಿರೇಟ್. ಕರುಳಿನ ಗೋಡೆಯನ್ನು ಗಟ್ಟಿಯಾಗಿಡಬೇಕೆನ್ನುವವರು ಮೊದಲು ನೋಡಬೇಕಾದುದು ಇಲ್ಲಿಗೆ. ವಯಸ್ಕರು ದಿನಕ್ಕೆ 25 ಗ್ರಾಂಗೆ ಕಡಿಮೆಯಿಲ್ಲದಷ್ಟು ನಾರನ್ನು ಆಹಾರದಿಂದ ಪಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿಯೇ ಸುಮಾರು 11 ಗ್ರಾಂ ನಾರಿದೆ. ಜೊತೆಗೆ 300 ಮಿಲಿಗ್ರಾಂಗೂ ಮಿಕ್ಕ ಸುಣ್ಣದಂಶವಿದೆ. ಮುದ್ದೆಯೊಡನೆ ಸೊಪ್ಪಿನ ಸಾರು, ಅವರೆಯ ಕಾಲದಲ್ಲಿ ಅವರೆಕಾಳು, ಜೋಳದ ರೊಟ್ಟಿ, ಒಂದು ಹಣ್ಣು, ಇಷ್ಟಾದರೆ ಲೆಕ್ಕ ಸರಿಹೋಗುತ್ತದೆ.

ಹುದುಗಿಸಿದ ಆಹಾರ ಇನ್ನೊಂದು ಆಸರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ವಾರ ಹುದುಗಿಸಿದ ಆಹಾರವನ್ನು ಹೆಚ್ಚಾಗಿ ಸೇವಿಸಿದ ಗುಂಪಿನವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ಉರಿಯೂತದ ಹಲವು ಸೂಚಕಗಳು ತಗ್ಗಿದವು. ಅದು ಚಿಕ್ಕ ಅಧ್ಯಯನ. ಆದರೂ ದಾರಿ ತೋರುತ್ತದೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ನೀರುಮಜ್ಜಿಗೆ, ರಾತ್ರಿ ಹುಳಿಯಿಟ್ಟ ರಾಗಿ ಅಂಬಲಿ, ಇವು ನಮ್ಮಲ್ಲಿ ಹೊಸ ಪದಾರ್ಥಗಳಲ್ಲ. ಇಡ್ಲಿ, ದೋಸೆಗಳನ್ನು ಬೇಯಿಸುವಾಗ ಜೀವಾಣುಗಳು ಸಾಯುವುದಾದರೂ ಹುದುಗಿದ ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ.

ನಾರನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ. ವಾರಕ್ಕಿಷ್ಟೆಂದು ಏರಿಸಬೇಕು, ನೀರನ್ನೂ ಹೆಚ್ಚು ಕುಡಿಯಬೇಕು. ಕಾಳುಗಳನ್ನು ಎಂಟು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸಿದರೆ ವಾಯು ಕಡಿಮೆ. ಹಾಲು ಕುಡಿದಾಗ ಮಾತ್ರ ಉಬ್ಬರವಾಗುವವರಿಗೆ ಮೊಸರು, ಮಜ್ಜಿಗೆ ಒಗ್ಗಬಹುದು. ನಿಧಾನವಾಗಿ ಅಗಿಯುವುದು, ರಾತ್ರಿಯ ಊಟವನ್ನು ಬೇಗ ಮುಗಿಸುವುದು, ಲಾಲ್‌ಬಾಗಿನಲ್ಲೋ ಸ್ಯಾಂಕಿ ಕೆರೆಯ ದಂಡೆಯಲ್ಲೋ ಅರ್ಧ ಗಂಟೆ ನಡೆಯುವುದು, ಇವಕ್ಕೆ ಬೆಲೆಯಿಲ್ಲ.

ಮುಂದಕ್ಕೆ ಹಾಕಬಾರದ ಲಕ್ಷಣಗಳು

ಪರಿಷೆಯಲ್ಲಿ ಎದುರಾದ ಆ ಶರಣೆಯವರ ಮುಖ ಬಿಳಿಚಿಕೊಂಡಿತ್ತು. ಕೆಲವು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದಿತ್ತು. ಕೇಳಿದಾಗ, ಹೊಟ್ಟೆಯ ಮೇಲ್ಭಾಗದ ಉರಿ ಆರು ತಿಂಗಳಿನದೆಂದೂ, ಮಲ ಕೆಲವೊಮ್ಮೆ ಡಾಂಬರಿನಂತೆ ಕಪ್ಪಾಗುವುದೆಂದೂ, "ಪುಡಿ ಕುಡಿಯುತ್ತಿದ್ದೇನಲ್ಲ, ಕರುಳು ಸರಿಹೋಗುತ್ತದೆ" ಎಂದು ಕಾಯುತ್ತಿದ್ದೆನೆಂದೂ ಹೇಳಿದರು. ಮೊಣಕಾಲು ನೋವಿಗೆ ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆಯನ್ನು ಬಹುತೇಕ ನಿತ್ಯವೂ ನುಂಗುತ್ತಿದ್ದರು. ನಾವು ಮರುದಿನವೇ ವೈದ್ಯರನ್ನು ಕಾಣುವಂತೆ ಒತ್ತಾಯಿಸಿದೆವು. ಹಿಮೋಗ್ಲೋಬಿನ್ ಬಹಳ ಇಳಿದಿತ್ತು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು; ನೋವಿನ ಮಾತ್ರೆಗಳಿಂದಾದ ಆ ಹುಣ್ಣಿನಿಂದ ರಕ್ತ ತಿಂಗಳುಗಳಿಂದ ಸದ್ದಿಲ್ಲದೆ ಜಿನುಗುತ್ತಿತ್ತು. ಪುಡಿ ಹುಣ್ಣನ್ನು ಉಂಟುಮಾಡಲಿಲ್ಲ. ಆದರೆ ಪುಡಿಯ ಮೇಲಿನ ಭರವಸೆ ಐದು ತಿಂಗಳನ್ನು ಕಸಿದುಕೊಂಡಿತು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮಲದಲ್ಲಿ ರಕ್ತ ಅಥವಾ ಡಾಂಬರಿನಂತಹ ಕಪ್ಪು ಬಣ್ಣ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನುಂಗಲು ತೊಂದರೆ, ಪದೇ ಪದೇ ವಾಂತಿ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು ಅಥವಾ ಭೇದಿ, 45 ವಯಸ್ಸಿನ ನಂತರ ಮಲವಿಸರ್ಜನೆಯ ರೂಢಿಯಲ್ಲಿ ಹೊಸದಾಗಿ ಕಂಡ ಬದಲಾವಣೆ, ಇವುಗಳಲ್ಲಿ ಯಾವುದಿದ್ದರೂ ಪುಡಿ, ಕಷಾಯಗಳಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಿರಿ. ನೋವಿನ ಮಾತ್ರೆಯನ್ನು ಕೆಲವು ದಿನಗಳಿಗಿಂತ ಹೆಚ್ಚು ಕಾಲ ಸ್ವಂತವಾಗಿ ಸೇವಿಸಬೇಡಿರಿ. ಗೋಧಿ ಒಗ್ಗದೆಂಬ ಅನುಮಾನವಿದ್ದರೆ ಪರೀಕ್ಷೆಗೆ ಮುನ್ನವೇ ಗೋಧಿಯನ್ನು ಬಿಟ್ಟುಬಿಡಬೇಡಿರಿ. ಬಿಟ್ಟ ಮೇಲೆ ಪರೀಕ್ಷೆಯಲ್ಲಿ ಸೀಲಿಯಾಕ್ ತಪ್ಪಿಹೋಗಬಹುದು. ಯಾವ ಪೂರಕವನ್ನು ತೆಗೆದುಕೊಳ್ಳುತ್ತಿದ್ದರೂ ವೈದ್ಯರ ಮುಂದೆ ಮುಚ್ಚಿಡಬೇಡಿರಿ, ಪೆಟ್ಟಿಗೆಯನ್ನೇ ಕೊಂಡೊಯ್ಯಿರಿ.

ಮಾಂಸಾಹಾರಿಗಳಾದ ನೆರೆಹೊರೆಯವರು ತಮ್ಮ ಇಚ್ಛೆಯಂತೆ ಕೊಲಾಜೆನ್ ಸೇವಿಸಿದರೆ ಅದರಲ್ಲಿ ನಾವು ಹೇಳಬೇಕಾದುದೇನೂ ಇಲ್ಲ. ನಮ್ಮ ಮಾತು, ಬೇಡವೆಂದು ವ್ರತ ಹಿಡಿದವರ ಲೋಟಕ್ಕೆ ಅರಿವಿಲ್ಲದೆ ಅದು ಬೀಳಬಾರದೆಂಬುದು.

ಆ ತಾಯಿಯವರನ್ನು ಅತಿಯಾಗಿ ಬಾಧಿಸಿದ್ದು ಹುಣ್ಣಿಗಿಂತ ಮನಸ್ಸಿನ ಅಳುಕು. ಪೂಜೆಯ ಬೆನ್ನಿಗೇ ಅದನ್ನು ಕುಡಿದೆನಲ್ಲ ಎಂದು ಅವರು ಹಲವು ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಸೊಸೆಯಂತೂ ಅತ್ತೆಯ ಮುಖ ನೋಡಲಾರದೆ ಅಡುಗೆಮನೆಯಲ್ಲಿಯೇ ಉಳಿಯುತ್ತಿದ್ದರು. ಅರಿಯದೆ ನಡೆದುದಕ್ಕೆ ತಮ್ಮನ್ನು ದಂಡಿಸಿಕೊಳ್ಳಬೇಕಾಗಿಲ್ಲ, ಅರಿತ ಮೇಲೆ ನಡೆ ಬದಲಾದರೆ ಅರಿವು ಆಚಾರವಾಯಿತು ಎಂದು ನಾವು ಹೇಳಿದೆವು. ಅವರಿಗೆ ಸಮಾಧಾನ ತಂದದ್ದು ನಮ್ಮ ಮಾತೋ, ಕಾಲವೋ ತಿಳಿಯದು. ಚಿಕಿತ್ಸೆಯಾಗಿ ಮೂರು ತಿಂಗಳ ಬಳಿಕ ಅವರ ಮನೆಗೆ ಹೋದಾಗ ಮೊಣಕಾಲಿಗೆ ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮ ನಡೆದಿತ್ತು. ಮುಖದಲ್ಲಿ ರಕ್ತ ಮರಳಿತ್ತು.

"ಅವಳು ಪ್ರೀತಿಯಿಂದ ತಂದದ್ದು. ತಪ್ಪು ಅವಳದಲ್ಲ, ಪೆಟ್ಟಿಗೆ ಓದದ ನನ್ನದು. ನಲವತ್ತು ವರ್ಷ ಮಕ್ಕಳಿಗೆ ಓದು ಓದು ಎಂದವಳು ನಾನು" ಎಂದು ನಕ್ಕರು. ಸೊಸೆ ಒಳಗಿನಿಂದ ಬಟ್ಟಲಲ್ಲಿ ಕೋಸಂಬರಿಯನ್ನೂ, ಲೋಟದಲ್ಲಿ ಮಜ್ಜಿಗೆಯನ್ನೂ ತಂದಿಟ್ಟರು. ಹಳೆಯ ಪುಡಿಯ ಸ್ಟೀಲ್ ಡಬ್ಬಿಯಲ್ಲಿ ಈಗ ಪರಿಷೆಯಿಂದ ತಂದ ಕಡಲೆಕಾಯಿಯ ಚಟ್ನಿಪುಡಿ ಇತ್ತು.